ನೀಲಿ ಬಣ್ಣದ ಕೆಳಗೆ ಹತ್ತೊಂಬತ್ತು ಶಿಲುಬೆ

ನಾನು ಒಂದು ಕಬ್ಬಿಣದ ಮಂಚ. ಮದುವೆ ಮನೆಗೆ ಹೊಸ ಹಾಸಿಗೆ ಹೊತ್ತು ಹೋಗುವ ಮಂಚವಲ್ಲ. ಕಾಲಿನ ಬಳಿ ಒಂದು ಹಿಡಿಕೆ, ಅದನ್ನು ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ, ಎರಡೂ ಪಕ್ಕಕ್ಕೆ ಕಂಬಿ. ರೋಗಿಗಳ ಮಂಚ. ಸುಖವಾಗಿ ನಿದ್ದೆ ಹೊಡೆಯೋಣ ಎಂದು ನನ್ನ ಮೇಲೆ ಮಲಗಿದವರು ಒಬ್ಬರೂ ಇಲ್ಲ. ಅದಕ್ಕೇ ನನ್ನ ಮಾತು ಸ್ವಲ್ಪ ಒರಟು. ಬೇಜಾರು ಮಾಡಿಕೊಳ್ಳಬೇಡಿ.

ಹುಟ್ಟಿದ್ದು ಮೈಸೂರಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಕೊಯ್ದರು, ಬಗ್ಗಿಸಿದರು, ಸುಟ್ಟು ಬೆಸೆದರು, ಕೊನೆಗೆ ಬಿಳಿ ಬಣ್ಣ ಹೊಡೆದು ಬಿಸಿಲಿಗೆ ನಿಲ್ಲಿಸಿದರು. ಹಿಡಿಕೆ ತಿರುಗಿಸಿ ನೋಡಿದ ಮೇಸ್ತ್ರಿ, "ಇದ್ಯಾಕೋ ಕಿರುಗುಟ್ತದಲ್ಲ" ಎಂದು ಎರಡು ಹನಿ ಎಣ್ಣೆ ಬಿಟ್ಟ. ಕಿರುಗುಟ್ಟುವುದು ನಿಲ್ಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ನನ್ನನ್ನು ಸುಟ್ಟೇ ಹುಟ್ಟಿಸಿದ್ದು, ಇನ್ನೆಲ್ಲಿ ಹೋದೀತು.

ಮೊದಲು ಹೋಗಿ ಸೇರಿದ್ದು ಒಂದು ನರ್ಸಿಂಗ್ ಹೋಮಿಗೆ. ಅಲ್ಲಿ ನನ್ನ ಹೆಸರು ಏಳನೇ ಬೆಡ್. ನನ್ನ ಮೇಲೆ ಮಲಗಿದವರ ಹೆಸರೂ ಅದೇ. "ಏಳನೇ ಬೆಡ್ ಊಟ ಬಿಟ್ಟಿದೆ", "ಏಳನೇ ಬೆಡ್‌ಗೆ ಜ್ವರ" ಅನ್ನುತ್ತಿದ್ದರು. ಮೊದಮೊದಲು ನನಗೇ ಜ್ವರ ಬಂದಿರಬೇಕು ಅಂದುಕೊಂಡಿದ್ದೆ. ಒಬ್ಬ ಮುದುಕ ಮೂಗಿಗೆ ಹಾಕಿದ ಕೊಳವೆಯನ್ನು ಕಿತ್ತು ಕಿತ್ತು ಎಸೆಯುತ್ತಿದ್ದ. ಬ್ಯಾಂಡೇಜು ಬಟ್ಟೆಯಲ್ಲಿ ಅವನ ಎರಡೂ ಕೈಗಳನ್ನು ನನ್ನ ಕಂಬಿಗೆ ಕಟ್ಟಿದರು. ಅವನ ಮೇಲಿಂದಲೇ ಆ ಕಡೆಯವರು ಈ ಕಡೆಯವರು ಮಾತಾಡಿಕೊಂಡರು. ನಿನಗೇನು ಬೇಕಪ್ಪ ಎಂದು ಒಬ್ಬರೂ ಕೇಳಲಿಲ್ಲ. ಅವನು ಸತ್ತ ಮೇಲೆ ಗಂಟು ಬಿಚ್ಚಿದರು. ಎಳೆದೆಳೆದು ಗಂಟು ಎಷ್ಟು ಬಿಗಿದಿತ್ತೆಂದರೆ ಕತ್ತರಿ ತರಬೇಕಾಯಿತು. ಆವತ್ತು ನನಗೆ ನನ್ನ ಜನ್ಮವೇ ಬೇಡವೆನಿಸಿತು.

ನರ್ಸಿಂಗ್ ಹೋಮ್ ಮುಚ್ಚಿದಾಗ ನನ್ನನ್ನು ಒಂದು ಚರ್ಚಿಗೆ ಕೊಟ್ಟುಬಿಟ್ಟರು. ಹಾಗೆ ನಾನು ಅಂತೋಣಿಕೊಪ್ಪಲಿಗೆ ಬಂದೆ. ನೂರಿಪ್ಪತ್ತು ಮನೆಯ ಕ್ರೈಸ್ತರ ಊರು ಅದು. ನಡುವೆ ಚರ್ಚು, ಚರ್ಚಿನ ಪಕ್ಕ ಶಾಲೆ, ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ. ಗೂಡ್ಸ್ ಆಟೋದಿಂದ ಇಳಿದಾಗ ನನ್ನನ್ನು ಎದುರುಗೊಂಡವಳು ಲೂರ್ದಮ್ಮ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಗಂಡ ತೀರಿಕೊಂಡವಳು, ಐವತ್ತು ದಾಟಿದ ಗಟ್ಟಿಗಿತ್ತಿ. ಸೆರಗು ಸಿಕ್ಕಿಸಿಕೊಂಡು, ಎರಡು ಬಿಂದಿಗೆ ಬಿಸಿನೀರು ಸುರಿದು ತಿಕ್ಕಿದಳು.

"ಎಷ್ಟ್ ಜನದ ಬೆವ್ರು ಕುಡ್ದಿದೀಯೋ ಕಾಣೆ" ಎಂದಳು ನನಗೇ. "ತೊಳ್ಕೊ. ಇನ್ಮೇಲೆ ನೀನೂ ನಮ್ ಪೈಕಿ."

ನನ್ನನ್ನು ಮನುಷ್ಯನಂತೆ ಮಾತಾಡಿಸಿದ ಮೊದಲ ಜೀವ ಅವಳು. ನರ್ಸಿಂಗ್ ಹೋಮಿನಲ್ಲಿ ಮನುಷ್ಯರನ್ನೇ ಹಾಗೆ ಮಾತಾಡಿಸುತ್ತಿರಲಿಲ್ಲ.

ಊರಿನಲ್ಲಿ ಯಾರು ಏಳಲಾರದಂತೆ ಮಲಗಿದರೂ ನಾನು ಅವರ ಮನೆಗೆ ಹೋಗಬೇಕು. ನನ್ನ ಹಿಂದೆಯೇ ಲೂರ್ದಮ್ಮ ಬರುತ್ತಿದ್ದಳು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವುದು, ಮೈ ಒರೆಸುವಾಗ ಮಾನ ಮುಚ್ಚಿ ಒರೆಸುವುದು, ಇದನ್ನೆಲ್ಲ ಒಬ್ಬ ನರ್ಸ್ ಸಿಸ್ಟರ್ ಹತ್ತಿರ ಕಲಿತಿದ್ದಳು. ಊರಿನವರಿಗೆ ಅವಳನ್ನು ಕಂಡರೆ ಗೌರವ. ನನ್ನನ್ನು ಕಂಡರೆ ಮಾತ್ರ ಎದೆ ಡವಡವ. ನನ್ನ ಮೇಲೆ ಮಲಗಿದವರು ಎದ್ದು ಓಡಾಡಿದ್ದನ್ನು ಯಾರೂ ನೋಡಿರಲಿಲ್ಲವಲ್ಲ. ಹಿಂದಿನಿಂದ ನನ್ನನ್ನು ಪರಲೋಕದ ಬಸ್ಸು ಅನ್ನುತ್ತಿದ್ದರು. ನಾನು ಕರೆದುಕೊಂಡು ಹೋಗುತ್ತಿದ್ದೆನೇ? ಹೊರಟು ನಿಂತವರಿಗೆ ಬೆನ್ನು ಕೊಡುತ್ತಿದ್ದೆ, ಅಷ್ಟೆ. ಚರ್ಚಿನ ಪಾದ್ರಿ ಸ್ವಾಮಿಯವರು ಕಡೆಗಾಲದವರಿಗೆ ಹಚ್ಚಲು ತರುವ ಪವಿತ್ರ ತೈಲಕ್ಕೂ ಅದೇ ಅಪವಾದ. ಎಣ್ಣೆ ಹಚ್ಚಿಸಿಕೊಂಡರೆ ಆಸಾಮಿ ಉಳಿಯುವುದಿಲ್ಲ ಎಂದು ಹೆದರಿ, ರೋಗಿಗೆ ಎಚ್ಚರ ತಪ್ಪುವವರೆಗೂ ಕಾದು, ಆಮೇಲೆ ಸ್ವಾಮಿಯವರನ್ನು ಕರೆಯಲು ಓಡುತ್ತಿದ್ದರು. ಎಚ್ಚರವಿಲ್ಲದವನು ಪ್ರಾರ್ಥನೆಗೆ ಆಮೆನ್ ಅನ್ನುವುದು ಹೇಗೆ?

ಬಂದ ಎರಡನೇ ವರ್ಷ ನನ್ನ ಮೇಲೆ ರಾಯಪ್ಪ ಮಲಗಿದ. ಚರ್ಚಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವನು. ಪಿತ್ತಕೋಶಕ್ಕೆ ಗಡ್ಡೆ. ಮನೆಯವರು ಕಾಮಾಲೆ ಎಂದು ಹೇಳಿದ್ದರು. ಲೂರ್ದಮ್ಮನ ಕೈ ಹಿಡಿದುಕೊಂಡು, ನೀನೂ ಹಾಗೇ ಹೇಳು ಎಂದು ಕಟ್ಟಿಹಾಕಿದ್ದರು. ಒಂದು ಸಂಜೆ ಮನೆಯವರಿಲ್ಲದಾಗ ಅವನು ನೇರವಾಗಿ ಕೇಳಿದ.

"ಲೂರ್ದಿ, ನಿಜ ಯೋಳು. ನಾನು ಉಳೀತೀನಾ?"

"ಉಳೀದೆ ಏನಣ್ಣ. ಈಸ್ಟರ್‌ಗೆ ನೀನೇ ಊದ್ಬೇಕು" ಎಂದಳು ಲೂರ್ದಮ್ಮ.

ಅವನ ಮುಖ ಅರಳಿತು. "ಹಂಗಾರೆ ಸ್ವಾಮೇರ್ನ ಆಮೇಲೆ ಕರುದ್ರಾಯ್ತು. ನಂದೊಂದು ಹಳೇ ಮಾತೈತೆ, ಅವ್ರ ತಾವ ಯೋಳ್ಕೋಬೇಕು" ಎಂದ. ಮೂರನೇ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾತು ನಿಂತಿತು. ಎರಡು ಗಂಟೆ ಕಾಲ ಅವನ ದವಡೆ ಆಡಿತು, ಕೈ ನನ್ನ ಕಂಬಿಯನ್ನು ಹಿಡಿದು ಅಲ್ಲಾಡಿಸಿತು. ಸ್ವಾಮಿಯವರು ಬರುವಷ್ಟರಲ್ಲಿ ಕೈ ಸಡಿಲಾಗಿತ್ತು. ಆ ಹಳೆಯ ಮಾತು ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಣ್ಣು ಮುಗಿಸಿ ಬಂದ ದಿನ ಲೂರ್ದಮ್ಮ ನನ್ನನ್ನು ತೊಳೆಯಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕುಳಿತು, ಸೀರೆಯ ಪಿನ್ನು ತೆಗೆದು, ಬಲಗಡೆ ಕಂಬಿಯ ಕೆಳಮೈಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಒಂದು ಸಣ್ಣ ಶಿಲುಬೆ ಗೀರಿದಳು. ಮಲಗಿದವರ ಕೈ ಸಹಜವಾಗಿ ಹೋಗಿ ಬೀಳುವ ಜಾಗ ಅದು. "ಅವನು ನನ್ನ ನಂಬ್ದ" ಎಂದಳು. ಅಷ್ಟೇ. ಪಿನ್ನು ನನ್ನನ್ನು ನೋಯಿಸಲಿಲ್ಲ, ಅವಳ ಮಾತು ನೋಯಿಸಿತು.

ಅಲ್ಲಿಂದ ಅವಳದೊಂದು ಕಟ್ಟಳೆಯಾಯಿತು. ನಾನು ಹೋದ ಮನೆಯಲ್ಲಿ ಮೊದಲ ದಿನ ಅವಳು ಮನೆಯವರನ್ನೆಲ್ಲ ಹೊರಗೆ ಕಳಿಸಿ ರೋಗಿಯ ಪಕ್ಕ ಕೂರುತ್ತಿದ್ದಳು. "ನಿಮ್ಗೇನ್ ಗೊತ್ತೈತೆ? ಏನ್ ಗೊತ್ತಾಗ್ಬೇಕು? ನಿಮ್ಗೇನ್ ಬೇಕು?" ಈ ಮೂರೇ ಪ್ರಶ್ನೆ. ಕೆಲವರು ಏನೂ ಗೊತ್ತಾಗುವುದು ಬೇಡ ಎನ್ನುತ್ತಿದ್ದರು; ಅವರಿಗೆ ಹೇಳುತ್ತಿರಲಿಲ್ಲ. ಕೇಳಿದವರಿಗೆ ಮುಚ್ಚಿಡುತ್ತಲೂ ಇರಲಿಲ್ಲ. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದ ಜ್ಞಾನಮ್ಮನಿಗೆ ನನ್ನ ಕಂಬಿಯನ್ನೇ ನಾಲಿಗೆ ಮಾಡಿಕೊಟ್ಟಳು. ಹೌದು ಅಂದರೆ ಎರಡು ಸಲ ತಟ್ಟು, ಇಲ್ಲ ಅಂದರೆ ಒಂದು ಸಲ. ಜ್ಞಾನಮ್ಮ ಬಳೆಯಿಂದ ತಟ್ಟಿ ತಟ್ಟಿ, ತನ್ನ ಕಿವಿಯೋಲೆ ಯಾವ ಮೊಮ್ಮಗಳಿಗೆ ಹೋಗಬೇಕು ಎಂಬುದನ್ನೂ ತೀರ್ಮಾನ ಮಾಡಿಯೇ ಹೋದಳು. ಒಬ್ಬೊಬ್ಬರು ಹೋದಾಗಲೂ ಒಂದೊಂದು ಶಿಲುಬೆ. ಮನೆಯವರು ಬೈದದ್ದೂ ಉಂಟು. "ಇದ್ದದ್ದು ಇದ್ದಂಗೆ ಯೋಳುದ್ರೆ ಎದ್ದು ಬಂದು ಎದೆಗೆ ಒದ್ರಂತೆ" ಎಂದು ನಕ್ಕು ಅವಳು ಬಕೆಟ್ಟು ಎತ್ತಿಕೊಂಡು ಬರುತ್ತಿದ್ದಳು.

ಹದಿನೈದು ವರ್ಷ ಕಳೆಯಿತು. ಹತ್ತೊಂಬತ್ತು ಶಿಲುಬೆಗಳಾದವು.

ಆಗ ಧರ್ಮಕೇಂದ್ರಕ್ಕೆ, ಅಂದರೆ ನಮ್ಮ ಚರ್ಚಿಗೆ, ಫಾದರ್ ಸಿರಿಲ್ ಎಂಬ ಹೊಸ ಸ್ವಾಮಿಯವರು ಬಂದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಾಲ್ಕು ಭಾನುವಾರ, ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ, ಜನರನ್ನು ಸಭಾಂಗಣದಲ್ಲಿ ಕೂರಿಸಿ ಸಾವಿನ ಹತ್ತಿರವಿರುವವರ ಬಗ್ಗೆ ಮಾತಾಡೋಣ ಎಂದರು. ಮೂಲೆಯಲ್ಲಿ ನಾನು ನಿಂತಿದ್ದೆ. ನನ್ನ ಹತ್ತಿರದ ಕುರ್ಚಿಗಳು ಮಾತ್ರ ಖಾಲಿ.

ಉಪದೇಶಿ ಚೌರಪ್ಪ, ಮಕ್ಕಳಿಗೆ ಜಪ ಕಲಿಸುವ ಮುದುಕ, ಮೊದಲು ಎದ್ದ. "ಸ್ವಾಮೇರೆ, ಆಸ್ಪತ್ರೆಗೆ ಹೋಗಲ್ಲ ಅನ್ನೋದು, ಪ್ರಾಣ ತಕ್ಕೊಂಡಂಗಲ್ವಾ? ಪಾಪ ಅಲ್ವಾ?"

"ಪ್ರಾಣ ತೆಗೆಯೋದು ಪಾಪ ಚೌರಪ್ಪನವರೇ. ಅದರಲ್ಲಿ ಎರಡು ಮಾತಿಲ್ಲ" ಎಂದರು ಫಾದರ್. "ಆದರೆ ಗುಣ ಮಾಡದೆ ಬರೀ ಸಂಕಟ ಹೆಚ್ಚಿಸೋ ಚಿಕಿತ್ಸೆ ಬೇಡ ಅನ್ನೋದು ಪ್ರಾಣ ತೆಗೆದಂತಲ್ಲ. ಸಾವು ಬಂದಿದೆ ಅಂತ ಒಪ್ಪಿಕೊಂಡಂತೆ. ನಿಲ್ಲಿಸಬಾರದ್ದು ಬೇರೆ ಇದೆ. ಗುಟುಕು ನೀರು, ಮೈ ಒರೆಸೋದು, ನೋವಿಗೆ ಔಷಧಿ, ಪಕ್ಕದಲ್ಲಿ ಒಬ್ಬ ಮನುಷ್ಯ. ಇನ್ನೊಂದು, ಅವರನ್ನೇ ಕೇಳೋದು. ಕಾಯಿಲೆ ಬಿದ್ದ ಕೂಡಲೇ ಮನುಷ್ಯ ಮಗುವಾಗಿಬಿಡೋದಿಲ್ಲ."

ಹಿಂದಿನ ಸಾಲಿನಲ್ಲಿ ಲೂರ್ದಮ್ಮ ಎದ್ದು ನಿಂತಳು. ಅವಳಿಗೀಗ ಅರವತ್ತೈದು ದಾಟಿತ್ತು. "ಎಲ್ರೂ ಇದೀರಿ, ಕೇಳ್ಕೊಳಿ. ನನ್ನ ಸರದಿ ಬಂದಾಗ ನಂಗೇ ಯೋಳ್ಬೇಕು. ನನ್ನ ಕೇಳ್ಬುಟ್ಟೇ ಮಾಡ್ಬೇಕು. ಮಾತು ನಿಲ್ಲೋಕೆ ಮುಂಚೆ ಸ್ವಾಮೇರು ಬರ್ಬೇಕು. ನನ್ನ ಆಮೆನ್ ನಾನೇ ಅನ್ಬೇಕು." ಬಾಗಿಲ ಬಳಿ ನಿಂತಿದ್ದ ಮಗನ ಕಡೆ ಕೈ ತೋರಿಸಿದಳು. "ಕೇಳಿಸ್ತೇನ್ಲಾ ಸಂತಿಯಾಗು?"

"ಕೇಳಿಸ್ತು ಕಣವ್ವ, ಊರಿಗೆಲ್ಲ ಕೇಳಿಸ್ತು" ಎಂದ ಸಂತಿಯಾಗು. ಜನ ನಕ್ಕರು. ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಅಪ್ಪ ಸತ್ತಾಗ ಒಂಬತ್ತು ವರ್ಷ. ಅವ್ವನ ಸೆರಗು ಹಿಡಿದೇ ಬೆಳೆದವನು. ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ; ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಲೂರ್ದಮ್ಮನಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಅನ್ನನಾಳದಲ್ಲಿ ಗಡ್ಡೆ, ಕೈ ಮೀರಿದೆ ಎಂದು ಡಾಕ್ಟರು ಹೇಳಿದ್ದು ಸಂತಿಯಾಗುವಿಗೆ, ಬಾಗಿಲಾಚೆ. ದನಿ ದಿನೇ ದಿನೇ ಕುಗ್ಗುತ್ತದೆ ಎಂದೂ ಹೇಳಿದ್ದರು. ಅವನು ಒಳಗೆ ಬಂದು, "ಗಂಟ್ಲು ಹುಣ್ಣು ಕಣವ್ವ. ಔಷ್ದಿಗೆ ಮಾಯ್ತದಂತೆ" ಎಂದ. ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ನನಗೆ ಗೊತ್ತಾದದ್ದು, ಒಂದು ಬೆಳಿಗ್ಗೆ ಅವನು ಸಭಾಂಗಣಕ್ಕೆ ಬಂದು ನನ್ನ ಮುಂದೆ ಬಹಳ ಹೊತ್ತು ನಿಂತಾಗ.

ಅವ್ವ ಎದ್ದು ಕೂರಲಾರಳು, ಮಂಚ ಬೇಕು. ಆದರೆ ಈ ಮಂಚ ಕಂಡರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಅವನು ಏನು ಮಾಡಿದ ಗೊತ್ತೇ? ನನ್ನನ್ನು ಲಾರಿ ಶೆಡ್ಡಿಗೆ ಹೊತ್ತೊಯ್ದು, ಉಜ್ಜಿ, ಕ್ಯಾಬಿನ್ನಿಗೆ ಹೊಡೆಯುವ ಆಕಾಶನೀಲಿ ಬಣ್ಣವನ್ನು ಎರಡು ಪದರ ಹೊಡೆದ. ಚಕ್ರ ಬದಲಿಸಿದ. ಹಿಡಿಕೆ ಬಿಚ್ಚಿ ಗ್ರೀಸು ತುಂಬಿದ. ಹುಟ್ಟಿನಿಂದ ಕಿರುಗುಟ್ಟುತ್ತಿದ್ದ ನಾನು ಮೂಕನಾದೆ. ಕಂಬಿಯ ಕೆಳಮೈಯನ್ನು ಮಾತ್ರ ಅವನು ಉಜ್ಜಲಿಲ್ಲ, ಮೇಲಿಂದ ಮೇಲೆ ಬಣ್ಣ ಬಿಟ್ಟ. ಕಾಣದ ಜಾಗ, ಯಾರು ನೋಡುತ್ತಾರೆ ಎಂದುಕೊಂಡಿರಬೇಕು. ಕೆಲಸ ಮುಗಿದಾಗ ನನ್ನ ಮೈಯೆಲ್ಲ ಸುಳ್ಳು. ನಾಚಿಕೆಯಾಯಿತು ನನಗೆ.

"ಮೈಸೂರಿಂದ ಹೊಸ ಮಂಚ ತರಿಸ್ದೆ ಕಣವ್ವ" ಎಂದು ಲೂರ್ದಮ್ಮನನ್ನು ಮಲಗಿಸಿದ. ಅವನ ಹೆಂಡತಿ ಸಹಾಯಮೇರಿ ಹೂವಿನ ಹಾಸು ಹಾಸಿದ್ದಳು. ಎಷ್ಟು ಹಗುರಾಗಿದ್ದಾಳೆ! ಹದಿನೈದು ವರ್ಷ ನನ್ನನ್ನು ತಳ್ಳಿದ ತೋಳುಗಳೇ ಇವು ಎಂದು ನಂಬಲಾಗಲಿಲ್ಲ. ನೋಡಲು ಬಂದ ನೆರೆಹೊರೆಯವರಿಗೆಲ್ಲ ಸಂತಿಯಾಗು ಬಾಗಿಲಲ್ಲೇ ಹೇಳಿಕೊಟ್ಟಿದ್ದ. ಒಬ್ಬೊಬ್ಬರೂ ಒಳಗೆ ಬಂದು, "ಹೊಸ ಮಂಚ ಎಷ್ಟ್ ಲಕ್ಷಣವಾಗೈತೆ" ಎಂದು ನನ್ನ ಮೈ ಸವರಿದರು. ನನ್ನ ಮೇಲೆ ತಮ್ಮ ಅಪ್ಪನನ್ನು, ಅತ್ತೆಯನ್ನು ಕಳಿಸಿಕೊಟ್ಟವರೇ ಅವರು. ಉಪದೇಶಿ ಚೌರಪ್ಪ ಕೂಡ ಹೇಳಿದ, ಪಾಪ, ಕಣ್ಣು ಮಾತ್ರ ನೆಲದ ಮೇಲಿತ್ತು.

ಮೂರನೇ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಲೂರ್ದಮ್ಮನ ಬಲಗೈ ಜಾರಿ ಕಂಬಿಯ ಕೆಳಗೆ ಬಿತ್ತು. ಬೆರಳ ತುದಿಗೆ ಏನೋ ತಗುಲಿತು. ಬೆರಳು ನಿಂತಿತು. ಮುಂದಕ್ಕೆ ಹೋಯಿತು, ಮತ್ತೊಂದು ಸಿಕ್ಕಿತು, ಮತ್ತೊಂದು. ಬಣ್ಣದ ಎರಡು ಪದರದ ಕೆಳಗೆ ಹತ್ತೊಂಬತ್ತನ್ನೂ ಅವಳು ಒಂದೊಂದಾಗಿ ಮುಟ್ಟಿದಳು. ಕೊನೆಗೆ ಹಿಂದೆ ಬಂದು ಮೊದಲನೆಯದರ ಮೇಲೆ, ರಾಯಪ್ಪನ ಶಿಲುಬೆಯ ಮೇಲೆ, ಬೆರಳಿಟ್ಟಳು.

"ನೀನಾ?" ಎಂದಳು, ಬೂದಿಯಂಥ ದನಿಯಲ್ಲಿ.

ಹೌದು ತಾಯಿ, ನಾನೇ. ಕಿರುಗುಟ್ಟಿಯಾದರೂ ಹೇಳೋಣವೆಂದರೆ ಗಂಟಲಿಗೆ ಗ್ರೀಸು.

ಈಗ ಮಗ ಬಂದ ಕೂಡಲೇ ಗದರುತ್ತಾಳೆ, ಸ್ವಾಮಿಯವರನ್ನು ಕರೆಸುತ್ತಾಳೆ ಎಂದು ಕಾದೆ. ಅವಳು ಗದರಲಿಲ್ಲ. ಸಂಜೆ ಸಂತಿಯಾಗು ಬಂದು, ಕೈಗೆ ಅಂಟಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುತ್ತ, "ಕ್ರಿಸ್‌ಮಸ್‌ಗೆ ಕೇಕು ನೀನೇ ಮಾಡ್ಬೇಕು ಕಣವ್ವ" ಎಂದ. ಅವಳು ಅವನ ಮುಖವನ್ನೇ ನೋಡಿದಳು. ರಾಯಪ್ಪನಿಗೆ ಈಸ್ಟರ್ ಹೇಳಿದವಳಲ್ಲವೇ ಅವಳು! ಹೇಳುವವನ ಮುಖ ಮಲಗಿದವರಿಗೆ ಹೇಗೆ ಕಾಣುತ್ತದೆ ಎಂದು ಆವತ್ತು ಗೊತ್ತಾಗಿರಬೇಕು. ಎಷ್ಟೋ ಮನೆಗಳಲ್ಲಿ, "ಬಾಯ್ಬುಟ್ಟು ಯೋಳ್ರಪ್ಪ, ಅದ್ರಲ್ಲೇನೈತೆ ಕಷ್ಟ" ಎಂದು ಮಕ್ಕಳನ್ನು ಗದರಿದ್ದಳು. ಈಗ ತನ್ನ ಮಗ, ತುಟಿ ನಡುಗುತ್ತಿದ್ದರೂ ನಗುತ್ತಿದ್ದ. ಅವನಾಗೇ ಹೇಳಲಿ ಎಂದು ಕಾದಳೋ, ಅವನನ್ನು ಒಡೆಯಲಾರದೆ ಸುಮ್ಮನಾದಳೋ, ನನಗೆ ತಿಳಿಯದು. ಹೇಳೇ, ಹೇಳೇ ಎಂದು ನಾನು ಒಳಗೇ ಒದ್ದಾಡಿದೆ.

ದಿನ ಹೋದ ಹಾಗೆಲ್ಲ ದನಿ ಹೋಗುತ್ತಿತ್ತು. ನಾಲ್ಕನೇ ದಿನ ಅರ್ಧ ಮಾತು. ಆರನೇ ದಿನ ಗಾಳಿ. ಎರಡು ಸಲ ಫಾದರ್ ಸಿರಿಲ್ ಬಾಗಿಲವರೆಗೆ ಬಂದರು. "ಅವ್ವ ಮನ್ಕೊಂಡವ್ಳೆ ಸ್ವಾಮೇರೆ. ಇನ್ನೊಂದಿನ ಬನ್ನಿ" ಎಂದು ಸಂತಿಯಾಗು ಕಳಿಸಿಬಿಟ್ಟ. ಒಳಗೆ ಅವಳ ಕಣ್ಣು ಪೂರ್ತಿ ತೆರೆದಿತ್ತು. ಎರಡನೇ ಸಲ ಅವಳು ಕರೆಯಲು ಬಾಯಿ ತೆರೆದಳು. ದನಿ ಬಾಗಿಲವರೆಗೆ ಹೋಗಲಿಲ್ಲ. ಹಜಾರದಲ್ಲಿ ಚಪ್ಪಲಿ ಸದ್ದು ದೂರವಾದದ್ದನ್ನು ಅವಳೂ ನಾನೂ ಕೇಳಿದೆವು.

ಎಂಟನೇ ದಿನ ಸಂತಿಯಾಗು ಮಧ್ಯಾಹ್ನಕ್ಕೇ ಮನೆಗೆ ಬಂದ. ಮುಖದಲ್ಲಿ ಒಂದು ಥರದ ಹುರುಪು. "ಅವ್ವ, ನಾಳೆ ಬೆಂಗ್ಳೂರಿಗೆ ಹೋಗೋಣ. ದೊಡ್ಡ ಆಸ್ಪತ್ರೆ. ಹೊಟ್ಟೆಗೆ ಕೊಳವೆ ಹಾಕ್ತಾರಂತೆ, ಉಸ್ರಿಗೆ ಮಿಷನ್ ಐತಂತೆ. ಬೆಳಿಗ್ಗೆಗೆ ವ್ಯಾನು ಹೇಳಿವ್ನಿ. ನೀನು ಹುಷಾರಾಗ್ಬುಡ್ತೀಯ."

ಮಿಷನ್ ಎಂದ ಕೂಡಲೇ ನನಗೆ ಬ್ಯಾಂಡೇಜಿನ ಗಂಟು ನೆನಪಾಯಿತು.

ಲೂರ್ದಮ್ಮ ಸೊಸೆಯ ಕಡೆ ತಿರುಗಿ ಕೈ ಚಾಚಿದಳು. ಏನು ಬೇಕೆಂದು ಸಹಾಯಮೇರಿಗೆ ತಿಳಿಯಲಿಲ್ಲ. ನೀರು ತಂದಳು, ಜಪಸರ ತಂದಳು. ಕೊನೆಗೆ ಲೂರ್ದಮ್ಮ ಸೊಸೆಯ ಹೆಗಲ ಮೇಲಿನ ಸೆರಗಿನ ಪಿನ್ನನ್ನು ಮುಟ್ಟಿ ತೋರಿಸಿದಳು. ಪಿನ್ನು ಸಿಕ್ಕಿತು. ಅವಳು ಕಂಬಿಯ ಕೆಳಗೆ ಕೈ ಹಾಕಿ, ತಡಕಿ, ಹತ್ತೊಂಬತ್ತನೆಯದರ ಪಕ್ಕದ ನುಣುಪಾದ ಜಾಗ ಕಂಡುಕೊಂಡು, ಗೀರಲು ಶುರುಮಾಡಿದಳು.

"ಏನ್ ಮಾಡ್ತಿದೀಯವ್ವ?" ಎಂದು ಸಂತಿಯಾಗು ಬಗ್ಗಿ ನೋಡಿದ. ಆಗ ಅವನಿಗೆ ಆ ಸಾಲು ಕಂಡಿತು. ಬಣ್ಣ ಹೊಡೆಯುವವನ ಕಣ್ಣು. ಎರಡು ಪದರದ ಕೆಳಗಿನ ಗೀರನ್ನು ಗುರುತಿಸಲು ಅವನಿಗೆ ಎಷ್ಟು ಹೊತ್ತು. ಬೆರಳಾಡಿಸಿದ. ಇದು ಯಾವ ಮಂಚ ಎಂದು ಅವ್ವನಿಗೆ ಮೊದಲೇ ಗೊತ್ತು ಎಂದು ಅವನಿಗೆ ಗೊತ್ತಾಯಿತು. ಹೋದ ಒಬ್ಬೊಬ್ಬರಿಗೂ ಒಂದೊಂದು, ಈಗ ಅವಳು ಗೀರುತ್ತಿರುವುದು ಅವಳದೇ ಶಿಲುಬೆ ಎಂದೂ ಗೊತ್ತಾಯಿತು.

ಉದ್ದ ಗೆರೆ ಆಯಿತು. ನೀಲಿ ಸಿಪ್ಪೆ ಎದ್ದು ಅದರಡಿಯ ನನ್ನ ಕಬ್ಬಿಣ ಹೊಳೆಯಿತು. ಅಡ್ಡ ಗೆರೆ ಅರ್ಧಕ್ಕೆ ಬಂದಾಗ ಕೈ ಸೋತು ಪಿನ್ನು ಜಾರಿತು. ಸಂತಿಯಾಗು ನೆಲದ ಮೇಲೆ ಕುಸಿದು, ಕಂಬಿಗೆ ಹಣೆ ಒತ್ತಿ ಅತ್ತ. ಎಂಟು ದಿನದಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತ. ಅವಳ ಕೈ ಅವನ ತಲೆಯ ಮೇಲಿತ್ತು. ಆಮೇಲೆ ಅವನೇ ಪಿನ್ನು ಹುಡುಕಿ, ಅವಳ ಕೈಯೊಳಗಿಟ್ಟು, ಆ ಕೈಯನ್ನು ತಾನು ಹಿಡಿದು, ಅಡ್ಡ ಗೆರೆ ಮುಗಿಸಿದ. ಸೊಟ್ಟಗಾಯಿತು.

"ಬೆಂಗ್ಳೂರಿಗೆ ಹೋಗೋಣ್ವ ಅವ್ವ?" ಎಂದು ಕೇಳಿದ. ಈ ಎಂಟು ದಿನದಲ್ಲಿ ಅವಳಿಗೇನು ಬೇಕು ಎಂದು ಅವನು ಕೇಳಿದ್ದು ಅದೇ ಮೊದಲು.

ಅವಳು ಬೆರಳಿನಿಂದ ನನ್ನನ್ನು ಒಂದು ಸಲ ತಟ್ಟಿದಳು. ಜ್ಞಾನಮ್ಮ ತಟ್ಟುತ್ತಿದ್ದ ಲೆಕ್ಕ ಊರಿಗೆಲ್ಲ ಗೊತ್ತಿತ್ತು, ಒಂದು ಅಂದರೆ ಇಲ್ಲ.

"ಸ್ವಾಮೇರ್ನ ಕರೀಲಾ?"

ಎರಡು ಸಲ.

"ನಾನು ನಿಂಗೆ ಸುಳ್ಳೇಳ್ದೆ. ತಪ್ಪು ಮಾಡ್ಬುಟ್ನಾ?"

ಒಂದೇ ಸಲ ತಟ್ಟಿಬಿಟ್ಟಿದ್ದರೆ ಅವನ ಭಾರ ಇಳಿಯುತ್ತಿತ್ತು. ಲೂರ್ದಮ್ಮ ಮಗನನ್ನೇ ನೋಡುತ್ತ ಎರಡು ಸಲ ತಟ್ಟಿದಳು. ರಾಯಪ್ಪನಿಗೆ ಹೇಳಿದ್ದೇ ಕೊನೆ, ಸುಳ್ಳು ಅವಳಿಗೆ ಕಡೆಯ ದಿನಗಳಲ್ಲೂ ಬರಲಿಲ್ಲ.

ಅವನು ತಲೆ ತಗ್ಗಿಸಿದ. "ನನ್ನ ಕ್ಷಮಿಸ್ತೀಯಾ?" ಎಂದ.

ಅವಳು ತಡಮಾಡಲಿಲ್ಲ. ಎರಡು ಸಲ.

ಫಾದರ್ ಸಿರಿಲ್ ಎಣ್ಣೆಯ ಡಬ್ಬಿ ಹಿಡಿದು ಓಡೋಡಿ ಬಂದರು. ಮನೆಯವರನ್ನು ಹೊರಗೆ ಕಳಿಸಿ ಪಾಪನಿವೇದನೆಗೆ ಕಿವಿ ಕೊಟ್ಟರು. ಕೇಳಲು ದನಿ ಎಲ್ಲಿತ್ತು? ಒಂದು ವಾರ ಮೊದಲು ಬಂದಿದ್ದರೆ ಅವಳು ಬಾಯಿ ತುಂಬ ಹೇಳಿಕೊಳ್ಳುತ್ತಿದ್ದಳು. ಈಗ ಅವರು ಒಂದೊಂದೇ ಊಹಿಸಿ ಕೇಳಬೇಕು, ಅವಳು ತಟ್ಟಬೇಕು. ಏನು ಕೇಳಿದರು, ಎಷ್ಟು ಸಲ ತಟ್ಟಿದಳು, ನಾನು ಹೇಳುವುದಿಲ್ಲ. ಪಾಪನಿವೇದನೆಯ ಗುಟ್ಟು ಮಂಚಕ್ಕೂ ಗುಟ್ಟೇ. ಅವಳ ಬೆರಳು ಪೂರ್ತಿ ಹೊತ್ತು ಮೊದಲ ಶಿಲುಬೆಯ ಹತ್ತಿರವೇ ಇತ್ತು ಎಂದಷ್ಟು ಹೇಳಬಲ್ಲೆ. ಒಂದು ಪ್ರಶ್ನೆ ಫಾದರ್‌ಗೆ ಹೊಳೆಯಲೇ ಇಲ್ಲ. ಅವಳು ಮತ್ತೆ ಮತ್ತೆ ತುಟಿ ಆಡಿಸಿದಳು, ಅವರು ಮತ್ತೆ ಮತ್ತೆ ಬಗ್ಗಿದರು. ಕೊನೆಗೆ ಅವರು, "ನೀವು ಹೇಳಲಾಗದ್ದನ್ನೂ ದೇವರು ಕೇಳಿಸಿಕೊಂಡಿದ್ದಾನೆ ಅಮ್ಮ" ಎಂದರು. ಅವಳು ಕಣ್ಣು ಮುಚ್ಚಿದಳು. ಸಮಾಧಾನವಾಯಿತೋ, ಸಾಕೆನಿಸಿತೋ. ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿದರು. ಆಮೆನ್ ಎನ್ನುವ ಜಾಗ ಬಂದಾಗ ತುಟಿ ತೆರೆಯಿತು, ದನಿ ಬರಲಿಲ್ಲ. ಅವಳ ಆಮೆನ್ ನನ್ನ ಕಂಬಿಯಲ್ಲಿ ಸದ್ದಾಯಿತು. ಟಕ್, ಟಕ್. ನಾನು ಮಾಡಿದ ಕೆಲಸಗಳಲ್ಲೆಲ್ಲ ಅದೇ ದೊಡ್ಡದು. ಆದರೂ ಅದು ಅವಳ ಬಾಯಿಂದ ಬರಬೇಕಾದದ್ದು.

ಮತ್ತೆ ನಾಲ್ಕು ದಿನ ಇದ್ದಳು. ಸಂತಿಯಾಗು ಶೆಡ್ಡಿಗೆ ಹೋಗಲಿಲ್ಲ. ಮಗ್ಗುಲು ಬದಲಿಸುವುದನ್ನು, ಹತ್ತಿ ಒತ್ತುವುದನ್ನು ಅವಳೇ ಕಣ್ಣಲ್ಲಿ ಕಲಿಸಿದಳು. ನೆರೆಯವರು ಈಗ ಮಂಚದ ಚಂದ ಹೇಳದೆ ಸುಮ್ಮನೆ ಬಂದು ಕೈ ಹಿಡಿದು ಕೂತು ಹೋದರು. ನಾಲ್ಕನೇ ದಿನ ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆಯುವಾಗ, ಮಗ ತುಟಿಗೆ ನೀರು ಸವರುತ್ತಿರುವಾಗ, ಹೋದಳು. ಅವಳ ಕೈಗಳಲ್ಲಿ ಯಾವ ಗಂಟೂ ಇರಲಿಲ್ಲ.

ಅದಾಗಿ ಹನ್ನೊಂದು ವರ್ಷ. ಈಗ ನಾನು ಚರ್ಚಿನ ಹಿಂದಿನ ಕೋಣೆಯಲ್ಲಿದ್ದೇನೆ. ಪಕ್ಕದಲ್ಲಿ ಬಾಲಯೇಸುವನ್ನು ಮಲಗಿಸುವ ಕ್ರಿಸ್‌ಮಸ್ ಗೋದಲಿಯ ಹುಲ್ಲು, ಶುಭ ಶುಕ್ರವಾರ ಗಂಟೆಯ ಬದಲು ಬಡಿಯುವ ಮರದ ಹಲಗೆ, ಕೈ ಮುರಿದ ಒಬ್ಬ ದೇವದೂತ. ಒಂದು ಕಾಲು ತುಕ್ಕು ತಿಂದು ಸಣ್ಣಗಾಗಿದೆ. ಗ್ರೀಸು ಒಣಗಿ ಹಿಡಿಕೆ ಮತ್ತೆ ಕಿರುಗುಡುತ್ತದೆ, ಅದೊಂದು ಖುಷಿ. ಧರ್ಮಕೇಂದ್ರಕ್ಕೆ ಗುಂಡಿ ಒತ್ತಿದರೆ ಏಳುವ ಹೊಸ ಮಂಚ ಬಂದಿದೆ. ಅದರ ಹಿಂದೆ ಮನೆಮನೆಗೆ ಹೋಗುವವನು ಸಂತಿಯಾಗು. ಮನೆಯವರನ್ನು ಹೊರಗೆ ಕಳಿಸಿ ಮೂರು ಪ್ರಶ್ನೆ ಕೇಳುತ್ತಾನಂತೆ. ಎಲ್ಲ ಮನೆಗಳಲ್ಲೂ ಅವನನ್ನು ಒಳಗೆ ಬಿಡುವುದಿಲ್ಲವಂತೆ. "ನಿನ್ನವ್ವಂಗೆ ನೀನೇ ಯೋಳ್ಲಿಲ್ಲ, ನಮ್ಗೆ ಯೋಳಕ್ಕೆ ಬಂದವ್ನೆ" ಎಂದವರೂ ಇದ್ದಾರೆ. ಅವನು ಎದುರು ಮಾತಾಡುವುದಿಲ್ಲ. ಅಂಗಳದಲ್ಲೇ ಕೂತು ಕಾಯುತ್ತಾನಂತೆ.

ಹೊಸ ಮಂಚದ ಕಂಬಿ ಪ್ಲಾಸ್ಟಿಕ್ಕಿನದು, ಅದರಲ್ಲಿ ಪಿನ್ನು ನಿಲ್ಲುವುದಿಲ್ಲ. ಅದಕ್ಕೇ ಒಬ್ಬೊಬ್ಬರು ಹೋದಾಗಲೂ ಅವನು ಈ ಕೋಣೆಗೆ ಬರುತ್ತಾನೆ. ನೆಲದ ಮೇಲೆ ಕೂತು, ಕಂಬಿಯ ಕೆಳಗೆ ಒಂದು ಶಿಲುಬೆ ಗೀರುತ್ತಾನೆ. ಈಗ ನನ್ನ ಮೇಲೆ ಯಾರೂ ಮಲಗದಿದ್ದರೂ ನನ್ನ ಮೈಮೇಲಿನ ಸಾಲು ಬೆಳೆಯುತ್ತಲೇ ಇದೆ.

ಗೀರಿ ಮುಗಿದ ಮೇಲೆ ಅವನ ಬೆರಳು ಸಾಲಿನುದ್ದಕ್ಕೂ ಹಿಂದಕ್ಕೆ ಹೋಗಿ ಆ ಸೊಟ್ಟ ಶಿಲುಬೆಯ ಮೇಲೆ ನಿಲ್ಲುತ್ತದೆ. ಆವತ್ತಿನ ಹಾಗೆಯೇ ಕಂಬಿಯನ್ನು ಎರಡು ಸಲ ತಟ್ಟುತ್ತಾನೆ. ತಪ್ಪು ಮಾಡಿದೆನಾ ಎಂದು ಕೇಳಿದಾಗಲೂ ಅವ್ವ ತಟ್ಟಿದ್ದು ಎರಡು ಸಲ, ಕ್ಷಮಿಸುತ್ತೀಯಾ ಎಂದಾಗಲೂ ಎರಡು ಸಲ. ಅವನು ನೆನೆಸಿಕೊಳ್ಳುವುದು ಯಾವುದನ್ನೋ ನನಗೆ ತಿಳಿಯದು. ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಂಡು, ಯಾರದೋ ಮನೆಯ ಅಂಗಳಕ್ಕೆ ಹೊರಡುತ್ತಾನೆ.